ಕೊನೆಯ ಬೈಟಿನ ಬೆನ್ನಟ್ಟಿ

ಆರ್ಡುಯಿನೊ ಊನೊ. ಒಳಗೆ ಎಟಿಮೆಗಾ 328ಪಿ ಚಿಪ್. ವೇಗ 16 ಮೆಗಾಹರ್ಟ್ಜ್, ರ‍್ಯಾಮ್ ಬರೀ 2,048 ಬೈಟ್. ಎಸ್‌ಡಿ ಕಾರ್ಡಿನ ಒಂದು ಸೆಕ್ಟರ್ ಹಿಡಿದಿಡಲು 512 ಬೈಟ್ ಬೇಕು. ಮೊದಲ ಹೆಜ್ಜೆಗೇ ಕಾಲುಭಾಗ ಬುತ್ತಿ ಖಾಲಿ! ಆದರೂ ಚಿಪ್ ಕಾರ್ಡಿಗೆ ನುಗ್ಗುತ್ತದೆ, ಫೈಲ್ ತೆರೆಯುತ್ತದೆ, ಬೈಟ್ ಎತ್ತಿಕೊಂಡು ಮುಂದಕ್ಕೆ ಓಡುತ್ತದೆ. ಓಡುವುದೇನೋ ಸರಿ. ನಿಲ್ಲುವುದೆಲ್ಲಿ?

ಫೈಲ್ ಮುಗಿದರೆ ರೀಡ್ ಫಂಕ್ಷನ್ -1 ಕೊಡುತ್ತದೆ. ರೀಡ್ ಕೊಟ್ಟದ್ದನ್ನು ಒಂದು ಚಾರ್ ವೇರಿಯಬಲ್‌ನಲ್ಲಿ ಹಿಡಿದು, -1 ಸಿಗುವ ತನಕ ಲೂಪ್ ಓಡಿಸಿ. ಇಂಗ್ಲಿಷ್ ಟೆಕ್ಸ್ಟ್ ಫೈಲ್ ಸಲೀಸಾಗಿ ದಾಟುತ್ತದೆ. ಧೈರ್ಯ ಬರುತ್ತದೆ. ಈಗ ಒಂದು ಜೆಪೆಗ್ ಚಿತ್ರ ಕೊಡಿ. ಮೊದಲ ಬೈಟಿಗೇ ಲೂಪ್ ಮುಗ್ಗರಿಸುತ್ತದೆ!

ಜೆಪೆಗ್ ಶುರುವಾಗುವುದೇ 255ರಿಂದ. ಊನೊದ ಚಿಪ್ ಸೇರಿದ ಎವಿಆರ್ ಕುಟುಂಬದಲ್ಲಿ ಚಾರ್‌ನ ವ್ಯಾಪ್ತಿ -128ರಿಂದ 127. ಅದರೊಳಗೆ 255 ಹೊಕ್ಕರೆ ಅದೇ -1! ಇಡೀ ಚಿತ್ರ ಮುಂದೆ ಬಿದ್ದಿದೆ, ಚಿಪ್ ಮಾತ್ರ ಮುಗಿಯಿತೆಂದು ವಾಪಸು ಹೊರಟಿದೆ. ಇದೇ ಕೋಡನ್ನು ಎಆರ್‌ಎಂ ಬೋರ್ಡಿಗೆ ಹಾಕಿದರೆ?

ಅಪಾಯ ತಿರುಗಿ ನಿಲ್ಲುತ್ತದೆ. ಅಲ್ಲಿ ಚಾರ್ ಸಾಮಾನ್ಯವಾಗಿ 0ಯಿಂದ 255. ನಿಜವಾದ -1 ಬಂದರೂ 255 ಆಗಿ ಕೂರುತ್ತದೆ. ಕೊನೆ ಬಂತು, ಹೋಯಿತು, ಲೂಪ್ ನಿಲ್ಲಲಿಲ್ಲ. ಓದಿದ್ದನ್ನು ಕೂಡಿಡುವ ಬಫರ್ ತುಂಬಿತು, ಉಕ್ಕಿತು, ಪಕ್ಕದ ವೇರಿಯಬಲ್‌ಗಳನ್ನು ತುಳಿಯಿತು. ಕಾಪಾಡಿದ್ದು ಒಂದೇ ಪದ!

ಇಂಟ್. ಎವಿಆರ್‌ನಲ್ಲೂ ಅದಕ್ಕೆ 16 ಬಿಟ್ ಜಾಗ. 255 ಅದರಲ್ಲಿ 255 ಆಗಿಯೇ ಉಳಿಯುತ್ತದೆ, -1 ಕೂಡ -1 ಆಗಿಯೇ. ಸರಿ, ಆ -1 ಕಾರ್ಡಿನ ಯಾವ ಮೂಲೆಯಲ್ಲಿದೆ?

ಎಲ್ಲೂ ಇಲ್ಲ! 1,300 ಬೈಟಿನ ಫೈಲಿಗೆ ಮೂರು ಸೆಕ್ಟರ್. ಮೂರನೆಯದರಲ್ಲಿ ನಮ್ಮವು 276 ಬೈಟ್. ಉಳಿದ 236ರಲ್ಲಿ ಎಂದೋ ಅಳಿಸಿದ ಫೈಲಿನ ಚೂರುಗಳಿರಬಹುದು. ನಡುವೆ ಗಡಿಕಲ್ಲಿಲ್ಲ. ಫ್ಯಾಟ್ ವ್ಯವಸ್ಥೆ ಫೈಲಿಗೊಂದು 32 ಬೈಟಿನ ನಮೂದು ಬರೆದಿಡುತ್ತದೆ, ಅದರ ಕೊನೆಯ 4 ಬೈಟ್‌ಗಳೇ ಫೈಲಿನ ಉದ್ದ. ಲೈಬ್ರರಿ ಎಣಿಸುತ್ತಾ ಓದುತ್ತದೆ. ಲೆಕ್ಕ ಮುಗಿದ ಕ್ಷಣ -1 ಹುಟ್ಟುತ್ತದೆ. ಈ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಆದರೆ ಹೊಸ ಫೈಲಿಗೆ ಡೇಟಾ ಬರೆಯುವಾಗ, ಫ್ಲಶ್ ಮಾಡಿ ಆ ನಮೂದನ್ನು ತಿದ್ದುವ ಮೊದಲೇ ಕರೆಂಟ್ ಹೋದರೆ? ಡೇಟಾ ಕಾರ್ಡಿನಲ್ಲಿದ್ದರೂ ಉದ್ದದ ಜಾಗದಲ್ಲಿ ಸೊನ್ನೆ!

ಇನ್ನೂ ಕಡಿದಾದ ದಾರಿ ಸೀರಿಯಲ್ ಕೇಬಲ್. 9,600 ಬಾಡ್‌ನಲ್ಲಿ ಸೆಕೆಂಡಿಗೆ 960 ಬೈಟ್. ಒಂದು ಬೈಟ್ ಬಂದು ಇನ್ನೊಂದು ತಲುಪುವಷ್ಟರಲ್ಲಿ ಚಿಪ್‌ನ ಗಡಿಯಾರ 16 ಸಾವಿರಕ್ಕೂ ಹೆಚ್ಚು ಸಲ ಮಿಡಿದಿರುತ್ತದೆ. ಆ ನಡುವೆ ಓದಿದರೂ -1 ಸಿಗುತ್ತದೆ. ಮುಗಿಯಿತು ಅಂತಲ್ಲ, ಇನ್ನೂ ಬಂದಿಲ್ಲ ಅಂತ! ಉದ್ದ ಹೇಳುವ ನಮೂದೂ ಇಲ್ಲ. ಮತ್ತೆ ಗೊತ್ತಾಗುವುದು ಹೇಗೆ?

1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ದಾರಿ ಕಡಿದರು. ಅವರ ಎಕ್ಸ್‌ಮೋಡೆಮ್ ಪ್ರೋಟೋಕಾಲ್ ಡೇಟಾವನ್ನು 128 ಬೈಟಿನ ಬ್ಲಾಕುಗಳಾಗಿ ಕತ್ತರಿಸಿತು, ಪ್ರತಿಯೊಂದಕ್ಕೂ ಚೆಕ್‌ಸಮ್ ಕಟ್ಟಿತು, ಎಲ್ಲ ಸಾಗಿಸಿದ ಮೇಲೆ 4 ಎಂಬ ಒಂಟಿ ಬೈಟನ್ನು ಕಳಿಸಿತು. ಬ್ಲಾಕಿನೊಳಗಿನ 4 ಬರೀ ಡೇಟಾ. ಬ್ಲಾಕಿನ ಹೊರಗೆ ಬಂದ 4 ಮಾತ್ರ ಅಂತ್ಯ.

ನಿಮ್ಮ ಕೋಡಿನಲ್ಲೂ ರೀಡ್ ಕೊಟ್ಟದ್ದನ್ನು ಚಾರ್ ಹಿಡಿಯುತ್ತಿದ್ದರೆ ಇವತ್ತೇ ಇಂಟ್ ಮಾಡಿ. ಆಮೇಲೆ ಬರೀ 255 ತುಂಬಿದ ಫೈಲೊಂದನ್ನು ಕೊಟ್ಟು ಓಡಿಸಿ, ಓದಿದ ಬೈಟುಗಳ ಲೆಕ್ಕ ಫೈಲಿನ ಉದ್ದಕ್ಕೆ ತಾಳೆಯಾಗುತ್ತದೆಯೇ ನೋಡಿ.