ಚಿಪ್ಪಿನೊಳಗಿನ ಎಕ್ಸ್‌ಪಿ

ನಮ್ಮ ಕಡೆ, ದಬ್ಬೇಘಟ್ಟದ ಸುತ್ತ, ಅಟ್ಟದ ಮೇಲೆ ವರ್ಷ ಕಾಲ ಕೂತ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಲೊಡಲೊಡ ಎನ್ನುತ್ತದೆ. ನೀರು ಇಂಗಿ, ಉಂಡೆ ಕೊಬ್ಬರಿ ಚಿಪ್ಪಿನ ನಂಟು ಬಿಟ್ಟು ಒಳಗೇ ಬೇರೆಯಾಗಿರುತ್ತದೆ. ನನ್ನ ಲ್ಯಾಪ್‌ಟಾಪಿನ ಲಿನಕ್ಸಿನೊಳಗೆ ವಿಂಡೋಸ್ ಎಕ್ಸ್‌ಪಿ ಇರುವುದೂ ಹೀಗೇ. ವರ್ಚುವಲ್‌ಬಾಕ್ಸ್ ಕಟ್ಟಿಕೊಟ್ಟ ಸುಳ್ಳು ಕಂಪ್ಯೂಟರಿನಲ್ಲಿ ಅದು ತಾನೇ ಯಜಮಾನ ಎಂದುಕೊಂಡಿದೆ.

2014ರ ಏಪ್ರಿಲ್‌ನಲ್ಲೇ ಮೈಕ್ರೋಸಾಫ್ಟ್ ಕೈಬಿಟ್ಟ ಎಕ್ಸ್‌ಪಿ ಇನ್ನೂ ಯಾಕೆ ಅಂದರೆ, ಹಳೆಯ ಪೇಜ್‌ಮೇಕರ್, ಹಳೆಯ ನುಡಿ ಫಾಂಟು. ಊರಿನ ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳೆಲ್ಲ ಅವುಗಳಲ್ಲೇ ಇವೆ. ಅವು ಯೂನಿಕೋಡ್ ಅಲ್ಲ. ಬೇರೆ ಕಡೆ ತೆರೆದರೆ ವಧೂವರರ ಹೆಸರು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫೈಲುಗಳಿರುವುದು ನಡುಮನೆಯ ಡೆಸ್ಕ್‌ಟಾಪಿನಲ್ಲಿ, ಸಾಂಬಾ ಎಂಬ ತಂತ್ರಾಂಶ ಹಾಕಿ ಹಂಚಿದ ಡಿಸ್ಕಿನಲ್ಲಿ. ಚಿಪ್ಪಿನೊಳಗಿನ ಎಕ್ಸ್‌ಪಿ ಅಲ್ಲಿಗೆ ಹೋಗಿ ಬರಬೇಕು. ಆ ದಾರಿ ಮಾಡುವುದೇ ನನ್ನ ಭಾನುವಾರದ ಚಟ.

ವರ್ಚುವಲ್‌ಬಾಕ್ಸಿನ ಶೇರ್ಡ್ ಫೋಲ್ಡರ್ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ. ಬೇಗ ಮುಗಿಯುವುದೇ ಅದರ ದೋಷ. ಹಾಗಾಗಿ ನಾನು ಹಿಡಿಯುವುದು ನೆಟ್‌ವರ್ಕಿನ ದಾರಿ. ಅದನ್ನು ನ್ಯಾಟ್ ಎಂಬ ಬಗೆಯಲ್ಲಿ, ಗೋಡೆಯ ಹಿಂದೆ ಬಿಟ್ಟರೆ ಎಕ್ಸ್‌ಪಿಗೆ 10.0.2.15 ಎಂಬ ವಿಳಾಸ ಸಿಗುತ್ತದೆ. ಯಾರಿದ್ದೀರಿ ಎಂಬ ಬ್ರಾಡ್‌ಕಾಸ್ಟ್ ಕೂಗು ಆ ಗೋಡೆ ದಾಟದ್ದರಿಂದ ಅಕ್ಕಪಕ್ಕದ ಒಂದು ಕಂಪ್ಯೂಟರೂ ಅದರ ಕಣ್ಣಿಗೆ ಬೀಳುವುದಿಲ್ಲ. ಆದರೂ ಎರಡು ಓರೆಗೆರೆ ಎಳೆದು ಡೆಸ್ಕ್‌ಟಾಪಿನ ಐಪಿ ಬರೆದು ಎಂಟರ್ ಒತ್ತಿದರೆ, ಕ್ಷಣ ಯೋಚಿಸಿ ಪಾಸ್‌ವರ್ಡ್ ಕೇಳುತ್ತದೆ! ಆ ಕ್ಷಣಕ್ಕಾಗಿ ಕಾಫಿ ಆರಿದರೂ ಚಿಂತೆಯಿಲ್ಲ.

ಬ್ರಿಜ್ಡ್ ಎಂಬ ಇನ್ನೊಂದು ಬಗೆಯದು ಇನ್ನೂ ಸೊಗಸು, ಅದರಲ್ಲಿ ಎಕ್ಸ್‌ಪಿ ನೇರವಾಗಿ ಮನೆಯ ನೆಟ್‌ವರ್ಕಿಗೇ ಸೇರುತ್ತದೆ. ವೈಫೈ ಮೇಲೆ ಅದು ತಕರಾರು ಮಾಡುವುದುಂಟು, ಲ್ಯಾನ್ ಕೇಬಲ್ಲೇ ಮೇಲು. ಆಗ ರೂಟರ್ ಎಕ್ಸ್‌ಪಿಗೆ ಬೇರೆಯದೇ ವಿಳಾಸ ಕೊಡುತ್ತದೆ.

"ಇಲ್ದೆ ಇರೋ ಮಿಷನ್ನಿಗೂ ನಂಬರ್ ಕೊಡ್ತೈತಾ ಇದು?" ದೊಡ್ಡಪ್ಪ ಕೇಳಿದರು.

"ಮ್ಯಾಕ್ ಅಡ್ರೆಸ್ ಒಂದು ಕಂಡ್ರೆ ಆಯ್ತು ದೊಡ್ಡಪ್ಪ, ಮುಖ ನೋಡಲ್ಲ."

"ರೇಷನ್ ಕಾರ್ಡಿಗೂ ಸೇರಿಸ್ಬಿಡು ಮತ್ತೆ."

ಎಕ್ಸ್‌ಪಿಗೆ ಗೊತ್ತಿರುವುದು ಫೈಲು ಹಂಚಿಕೊಳ್ಳುವ ಎಸ್‌ಎಂಬಿ ಭಾಷೆಯ ಮೊದಲ ಆವೃತ್ತಿ ಮಾತ್ರ. ಅದು ಸುರಕ್ಷಿತವಲ್ಲವೆಂದು 2019ರ ಸಾಂಬಾ 4.11 ತಾನಾಗಿ ಅದಕ್ಕೆ ಬಾಗಿಲು ಹಾಕಿತು. ಸರ್ವರಿನ ಕನಿಷ್ಠ ಪ್ರೋಟೋಕಾಲನ್ನು ಎನ್‌ಟಿ1ಕ್ಕೆ, ಅಂದರೆ ಆ ಹಳೆಯ ಆವೃತ್ತಿಗೆ, ಇಳಿಸಿ ಮತ್ತೆ ತೆರೆಯಬೇಕು. ಅದಕ್ಕೇ ಈಗ ರೂಟರ್ ಕೊಡುವ ವಿಳಾಸ ಬಿಟ್ಟು, ಎಕ್ಸ್‌ಪಿಯ ವಿಳಾಸವನ್ನು ಕೈಯಾರೆ ಬರೆದು ಗೇಟ್‌ವೇ ಜಾಗ ಖಾಲಿ ಬಿಟ್ಟಿದ್ದೇನೆ. ನಡುಮನೆವರೆಗೆ ಓಡಾಡಲಿ, ಇಂಟರ್ನೆಟ್ಟಿನ ಸಹವಾಸ ಬೇಡ.

ಈ ಸಾಂಬಾದ ಹುಟ್ಟೂ ಇಂಥ ಚಟದಿಂದಲೇ. 1991ರ ಕೊನೆಯಲ್ಲಿ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್, ಎರಡು ಕಂಪ್ಯೂಟರುಗಳ ನಡುವೆ ಓಡಾಡುವ ಪ್ಯಾಕೆಟ್ಟುಗಳನ್ನು ನೋಡಿ ನೋಡಿಯೇ ಅವುಗಳ ಮಾತು ಕಲಿತು ಸಾಂಬಾ ಬರೆಯತೊಡಗಿದ.

ಕರೆಂಟ್ ಹೋದರೆ ಡೆಸ್ಕ್‌ಟಾಪ್ ಆರುತ್ತದೆ, ಬ್ಯಾಟರಿಯ ಮೇಲಿನ ಎಕ್ಸ್‌ಪಿ ಉಳಿಯುತ್ತದೆ. ಹಂಚಿದ ಡಿಸ್ಕಿಗೆ ಎಕ್ಸ್‌ಪಿಯಲ್ಲಿ ಕೊಟ್ಟ ಹೆಸರಾದ ಜೆಡ್ ಡ್ರೈವಿನ ಮೇಲೆ ಕೆಂಪು ಗುರುತು. ಕರೆಂಟ್ ಬಂದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಗುರುತು ಮಾಯ, ಲಗ್ನಪತ್ರಿಕೆಗಳು ಹಾಜರ್. ಅವನ್ನು ಯೂನಿಕೋಡಿಗೆ ಇಳಿಸಿಬಿಟ್ಟರೆ ಇಷ್ಟೆಲ್ಲ ಬೇಕಿಲ್ಲ ಎಂದು ಗೊತ್ತು. ಅದನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ.