ಮೇಕಾಂಗ್ ದಡದಲ್ಲಿ ಒಂದು ಬಿಸು

2025ರ ದೊಡ್ಡ ರಜೆಯಲ್ಲಿ ಥಾಯ್ಲೆಂಡಿಗೆ ಹೋಗುತ್ತೇನೆ ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ನಗು ಎದ್ದಿತು. "ಟೀಚರಿಗೆ ಅಲ್ಲಿ ಎಂತ ಕೆಲಸ?" ಎಂದು ಒಬ್ಬರು ಕೇಳಿಯೇ ಬಿಟ್ಟರು. ಕೆಲಸ ಎಂತದೂ ಇಲ್ಲ ಮಾರಾಯ್ರೆ, ನನ್ನ ತಮ್ಮ ಅಲ್ಲಿ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾನೆ. ಏಳು ವರ್ಷದಿಂದ "ಅಕ್ಕ, ಒಮ್ಮೆ ಬಾ" ಎಂದು ಕರೆಯುತ್ತಲೇ ಇದ್ದ. ಕಾಸರಗೋಡಿನಿಂದ ಹೊರಗೆ ನಾನು ಅತಿ ದೂರ ಹೋದದ್ದೆಂದರೆ ಮಕ್ಕಳನ್ನು ಕರೆದುಕೊಂಡು ಮೈಸೂರು ಪ್ರವಾಸ. ಅಂಥವಳು ವಿಮಾನ ಹತ್ತಿ ಬ್ಯಾಂಕಾಕ್ ಮುಟ್ಟಿ, ಅಲ್ಲಿಂದ ರಾತ್ರಿ ರೈಲಿನಲ್ಲಿ ಸುಮಾರು 620 ಕಿಲೋಮೀಟರ್ ಉತ್ತರಕ್ಕೆ ಹೋಗಿ ಬೆಳಿಗ್ಗೆ ನೊಂಗ್ ಖಾಯ್ ಎಂಬ ಊರಲ್ಲಿ ಇಳಿದೆ.

ಅದು ಗಡಿಯ ಊರು. ನನಗೆ ಇಳಿದ ಕೂಡಲೇ ಇಷ್ಟವಾದದ್ದು ಅದೇ ಕಾರಣಕ್ಕೆ ಇರಬೇಕು. ಊರಿನ ಉದ್ದಕ್ಕೂ ಮೇಕಾಂಗ್ ನದಿ, ಆಚೆ ದಡ ಲಾವೋಸ್. 1994ರಲ್ಲಿ ಆಸ್ಟ್ರೇಲಿಯಾ ದುಡ್ಡು ಕೊಟ್ಟು ಕಟ್ಟಿಸಿದ ಒಂದು ಸೇತುವೆ ಉಂಟು. ಈಚೆ ಬದಿಯಲ್ಲಿ ವಾಹನಗಳು ನಮ್ಮ ಹಾಗೆ ರಸ್ತೆಯ ಎಡಕ್ಕೆ, ಆಚೆ ಹೋದ ಮೇಲೆ ಬಲಕ್ಕೆ. ನದಿಗೆ ಅವರ ಮಾತಿನಲ್ಲಿ 'ಮೇ ನಾಮ್' ಅನ್ನುತ್ತಾರೆ. ಮೇ ಎಂದರೆ ತಾಯಿ, ನಾಮ್ ಎಂದರೆ ನೀರು. ನೀರಿನ ತಾಯಿ! ನಮ್ಮ ಪಯಸ್ವಿನಿ, ಚಂದ್ರಗಿರಿ ನೆನಪಾದವು.

ತಮ್ಮ ಕರೆದದ್ದು ಬಿಸುವಿಗೆ. "ಇಲ್ಲಿಯೂ ನಮ್ಮದೇ ದಿನ ಹಬ್ಬ, ಬಂದು ನೋಡು" ಎಂದಿದ್ದ. ಏಪ್ರಿಲ್ 13ರಿಂದ 15ರವರೆಗೆ ಅಲ್ಲಿ ಸೋಂಕ್ರಾನ್. ಹೆಸರು ಕೇಳಿದರೆ ಗೊತ್ತಾಗುತ್ತದೆ, ಅದು ನಮ್ಮ ಸಂಕ್ರಾಂತಿಯೇ. ಸೂರ್ಯ ಮೇಷಕ್ಕೆ ಬರುವ ದಿನ, ಅವರ ಹಳೆಯ ಹೊಸವರ್ಷ. ಸರಕಾರಿ ಲೆಕ್ಕದಲ್ಲಿ 1941ರಿಂದ ಅಲ್ಲಿಯೂ ಜನವರಿ ಒಂದಕ್ಕೇ ವರ್ಷ ಬದಲಾಗುತ್ತದೆ. ಆದರೆ ಜನರ ಮನಸ್ಸಿನಲ್ಲಿ ಬದಲಾಗುವುದು ಈ ಮೂರು ದಿನಗಳಲ್ಲಿಯೇ. ಬ್ಯಾಂಕಾಕಿನಲ್ಲಿ ದುಡಿಯುವವರೆಲ್ಲ ಬಸ್ಸು, ರೈಲು ತುಂಬಿ ಊರಿಗೆ ಬರುತ್ತಾರೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೋದವರು ಈ ಹಬ್ಬವನ್ನು ತಮ್ಮ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡರು.

ಕಣಿ ಇಡಲು ಸಾಮಾನು ಸಿಗಲಿಕ್ಕಿಲ್ಲ ಎಂದು ನಾನು ಊರಿನಿಂದಲೇ ಒಂದು ಕನ್ನಡಿ, ಒಂದು ಹಿಡಿ ಬೆಳ್ತಿಗೆ ಅಕ್ಕಿ ಕಟ್ಟಿಕೊಂಡು ಹೋಗಿದ್ದೆ. ಸಂತೆಗೆ ಹೋಗಿ ನೋಡಿದರೆ ಮಾವು, ಹಲಸು, ತೆಂಗು, ಸೌತೆ, ಎಲ್ಲ ರಾಶಿ ರಾಶಿ. ಮನೆಯ ಎದುರಿನ ಮರದಲ್ಲಿ ಹಳದಿ ಕಕ್ಕೆ ಹೂ ಜೋತಾಡುತ್ತಿತ್ತು. ಕೇರಳದ ರಾಜ್ಯಪುಷ್ಪವಾದ ಈ ಕೊನ್ನ ಹೂವೇ ಥಾಯ್ಲೆಂಡಿನ ರಾಷ್ಟ್ರಪುಷ್ಪ! ಆ ಕಡೆಯವರು ಅದನ್ನು 'ಖೂನ್' ಅನ್ನುತ್ತಾರೆ. 14ರ ಬೆಳಿಗ್ಗೆ ತಮ್ಮನ ಮಗನ ಕಣ್ಣು ಮುಚ್ಚಿಸಿ ಕಣಿಯ ಎದುರು ಕೂರಿಸಿದೆ. ಆರು ವರ್ಷದ ಪೋರ. ಕಣ್ಣು ಬಿಟ್ಟವನೇ ಕೇಳಿದ್ದು, "ಅತ್ತೆ, ಇದನ್ನು ಯಾವಾಗ ತಿನ್ನಬಹುದು?"

ಇರಲಿ, ನಾನು ಹೇಳಲು ಹೊರಟದ್ದು ಪಕ್ಕದ ಮನೆಯವರ ವಿಷಯ.

ನೊಂಗ್ ಖಾಯ್‌ನಲ್ಲಿ ಹೊರದೇಶದವರು ಸುಮಾರು ಜನ ಇದ್ದಾರೆ. ಇಂಗ್ಲೆಂಡ್, ಜರ್ಮನಿ, ಆಸ್ಟ್ರೇಲಿಯಾ, ಅಮೆರಿಕದವರು. ಹೆಚ್ಚಿನವರು ನಿವೃತ್ತರು, ಎಷ್ಟೋ ಮಂದಿ ಆ ಕಡೆಯ ಹೆಂಗಸರನ್ನೇ ಮದುವೆಯಾದವರು. ಸಂಜೆ ನದಿಯ ದಂಡೆಯ ಹೋಟೆಲುಗಳಲ್ಲಿ ಅವರ ಮೇಜುಗಳು ಇರುತ್ತವೆ. ತಮ್ಮ ನನಗೆ ಬೆರಳು ತೋರಿಸಿ ಹೇಳಿಕೊಟ್ಟ, ಇದು ಜರ್ಮನ್ ಮೇಜು, ಅದು ಇಂಗ್ಲಿಷ್ ಮೇಜು. ಮಾತು ಎಂತದು? ಪೆನ್ಶನ್, ಬಾತ್‌ನ ದರ, ಮೊಣಕಾಲು ನೋವು, ವೀಸಾ. 50 ದಾಟಿದವರಿಗೆ ನಿವೃತ್ತಿಯ ವೀಸಾ ಕೊಡುತ್ತಾರೆ. ಅದಕ್ಕೆ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟಿರಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಬೇಕು. ವರ್ಷ ವರ್ಷ ನವೀಕರಣ. ಅದಲ್ಲದೆ 90 ದಿನಕ್ಕೊಮ್ಮೆ "ನಾನು ಇಂಥ ವಿಳಾಸದಲ್ಲಿಯೇ ಇದ್ದೇನೆ" ಎಂದು ಇಮಿಗ್ರೇಶನ್‌ಗೆ ತಿಳಿಸಬೇಕು. ಹದಿನೈದು ವರ್ಷ ಇದ್ದರೂ ಹೀಗೆಯೇ. ಮನೆ ಕಟ್ಟಿಸಬಹುದು, ಆದರೆ ಜಾಗ ಅವರ ಹೆಸರಿಗೆ ಆಗುವುದಿಲ್ಲ, ಹೆಂಡತಿಯ ಹೆಸರಿನಲ್ಲಿ ಇರಬೇಕು.

ಬಿಳಿಯರಿಗೆಲ್ಲ ಅಲ್ಲಿ ಒಂದೇ ಹೆಸರು, 'ಫರಂಗ್'. ನಮ್ಮ 'ಪರಂಗಿ'ಯೇ! ಇನ್ನೊಂದು ತಮಾಷೆ ಕೇಳಿ, ಥಾಯ್ ಮಾತಿನಲ್ಲಿ ಫರಂಗ್ ಎಂದರೆ ಪೇರಳೆ ಹಣ್ಣೂ ಹೌದು. ಘಟ್ಟದ ಮೇಲಿನ ನಮ್ಮವರು ಪಪ್ಪಾಯಿಗೆ ಪರಂಗಿ ಹಣ್ಣು ಅನ್ನುತ್ತಾರಲ್ಲ, ಹಾಗೆಯೇ. ಹೊರಗಿನಿಂದ ಬಂದದ್ದಕ್ಕೆಲ್ಲ ಎರಡೂ ಕಡೆ ಒಂದೇ ಮುದ್ರೆ.

"ಹಾಗಾದರೆ ನಮಗೆ ಎಂತ ಅನ್ನುತ್ತಾರೆ?" ಎಂದು ಕೇಳಿದೆ. "ಖೇಕ್ ಅನ್ನುತ್ತಾರಕ್ಕ" ಎಂದ ತಮ್ಮ. ಭಾರತದವರು, ಅರಬರು, ಮಲಯಿಗಳು, ಎಲ್ಲರೂ ಖೇಕ್. ಆ ಶಬ್ದದ ಮೂಲ ಅರ್ಥ 'ಅತಿಥಿ'. ಕೇಳಲು ಚಂದವೇ. ಆದರೆ ಏಳು ವರ್ಷವಾದರೂ ಅತಿಥಿಯಾಗಿಯೇ ಇರುವುದು ಹೇಗಿರುತ್ತದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸೋಂಕ್ರಾನ್ ದಿನ ಈ ಮೇಜುಗಳ ಲೆಕ್ಕವೆಲ್ಲ ಒದ್ದೆಯಾಗಿ ಹೋಗುತ್ತದೆ. ಪಿಕಪ್ ಗಾಡಿಗಳ ಹಿಂದೆ ನೀರಿನ ಡ್ರಮ್ಮು, ಸುತ್ತ ಮಕ್ಕಳು. ರಸ್ತೆಗೆ ಕಾಲಿಟ್ಟರೆ ಮುಗಿಯಿತು, ಪೊಲೀಸನಾದರೂ ಸರಿ, ಟೀಚರಾದರೂ ಸರಿ. ಕೆನ್ನೆಗೆ ಬಿಳಿ ಮಣ್ಣಿನ ಲೇಪ ಹಚ್ಚುತ್ತಾರೆ. ನಮ್ಮ ಏಪ್ರಿಲಿನ ಸೆಕೆಯೇ ಅಲ್ಲಿಯೂ, ಹಾಗಾಗಿ ಕೋಪವೂ ಬರುವುದಿಲ್ಲ. (ಕುಡಿದು ಗಾಡಿ ಓಡಿಸಿ ಸಾಯುವವರೂ ಆ ವಾರ ಬಹಳ. ಹಬ್ಬದ ಏಳು ದಿನಗಳನ್ನು ಅಲ್ಲಿನ ಪತ್ರಿಕೆಗಳು 'ಅಪಾಯದ ಏಳು ದಿನ' ಎಂದೇ ಕರೆಯುತ್ತವೆ.)

ನನಗೆ ಹೆಚ್ಚು ಹಿಡಿಸಿದ್ದು ವಾಟ್ ಫೋ ಚಾಯ್ ದೇವಸ್ಥಾನದ ಬುದ್ಧ, ಲುವಾಂಗ್ ಫೋ ಫ್ರಾ ಸಾಯ್. ಲಾವೋಸಿನ ಅರಸನೊಬ್ಬನ ಮೂವರು ಹೆಣ್ಣುಮಕ್ಕಳು ಮೂರು ಬುದ್ಧನ ವಿಗ್ರಹ ಮಾಡಿಸಿದರಂತೆ. ಯುದ್ಧದ ನಂತರ ಅವನ್ನು ಈಚೆ ದಡಕ್ಕೆ ತರುವಾಗ ಒಂದು ನದಿಯಲ್ಲಿ ಮುಳುಗಿತು. ಒಂದು ಬ್ಯಾಂಕಾಕಿಗೆ ಹೋಯಿತು. ಈ ಮೂರನೆಯದು ಮಾತ್ರ ಇಲ್ಲಿಂದ ಮುಂದೆ ಅಲುಗಲಿಲ್ಲವಂತೆ, ಎಷ್ಟು ಎಳೆದರೂ! ಸೋಂಕ್ರಾನ್‌ಗೆ ಈ ವಿಗ್ರಹವನ್ನು ಮೆರವಣಿಗೆ ಮಾಡಿಸುತ್ತಾರೆ, ಜನ ಸುಗಂಧದ ನೀರು ಹಾಕುತ್ತಾರೆ. ಜರ್ಮನ್ ಮೇಜಿನವರು, ಇಂಗ್ಲಿಷ್ ಮೇಜಿನವರು ಹೂವಿನ ಅಂಗಿ ತೊಟ್ಟು ಸಾಲಿನಲ್ಲಿ ನಿಂತಿದ್ದರು. ನಾನೂ ನಿಂತೆ. ದೇವಸ್ಥಾನದ ಅಂಗಳದಲ್ಲಿ ಮಕ್ಕಳು ಮರಳಿನ ಗೋಪುರ ಕಟ್ಟುತ್ತಿದ್ದರು. ವರ್ಷವಿಡೀ ಕಾಲಿಗಂಟಿ ಹೊರಗೆ ಹೋದ ದೇವಸ್ಥಾನದ ಮಣ್ಣನ್ನು ಹೀಗೆ ತಿರುಗಿ ಕೊಡುವುದಂತೆ. ಎಂಥ ಲೆಕ್ಕ ನೋಡಿ.

ಮಧ್ಯಾಹ್ನ ಪಕ್ಕದ ಮನೆಗೆ ಕರೆದರು. ಮನೆಯ ಯಜಮಾನರು ಇಂಗ್ಲೆಂಡಿನಲ್ಲಿ ಬಸ್ ಓಡಿಸುತ್ತಿದ್ದವರು, ಇಲ್ಲಿಗೆ ಬಂದು ಹನ್ನೆರಡು ವರ್ಷ. ಹೆಂಡತಿ ಅದೇ ಊರಿನವರು. ಒಬ್ಬಳು ಮಗಳು, ಪ್ರಥೋಮ್ ನಾಲ್ಕು ಮುಗಿಸಿದವಳು. ಪ್ರಥೋಮ್ ಎಂದರೆ ಪ್ರೈಮರಿ, ನಮ್ಮ 'ಪ್ರಥಮ'ವೇ. ಹೈಸ್ಕೂಲಿಗೆ 'ಮಥಯೋಮ್', ಅದು 'ಮಧ್ಯಮ'. ಟೀಚರಿಗೆ 'ಖ್ರೂ', ಅದು 'ಗುರು'. ಹಾಗಾಗಿ ಆ ಮನೆಯಲ್ಲಿ ನನ್ನ ಹೆಸರು ಖ್ರೂ ಎಂದೇ ಆಯಿತು.

ಮನೆಯ ಅಜ್ಜಿ ಜಗಲಿಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಒಬ್ಬೊಬ್ಬರೇ ಹೋಗಿ ಅವರ ಅಂಗೈಗೆ ಮಲ್ಲಿಗೆ ನೀರು ಎರೆದು, ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳುವುದು ಕ್ರಮ. ಅಜ್ಜಿ ಒದ್ದೆ ಕೈಯಿಂದ ತಲೆ ಮುಟ್ಟಿ ಹರಸಿ, ಮಣಿಕಟ್ಟಿಗೆ ಬಿಳಿ ನೂಲು ಕಟ್ಟುತ್ತಾರೆ. ಅರುವತ್ತು ದಾಟಿದ ಆ ಅಳಿಯನೂ ಮೊಣಕಾಲೂರಿ ನೀರು ಎರೆದರು. ನನ್ನ ಕೈಗೂ ನೂಲು ಕಟ್ಟಿ ಅಜ್ಜಿ ಏನೋ ಉದ್ದಕ್ಕೆ ಹೇಳಿದರು. "ಎಂತ ಹೇಳಿದರು?" ಎಂದು ಹುಡುಗಿಯನ್ನು ಕೇಳಿದೆ. ಅವಳು ಸ್ವಲ್ಪ ತಡೆದು, "ಅಜ್ಜಿಯ ಹಳೆಯ ಮಾತು ನನಗೆ ಪೂರ್ತಿ ಗೊತ್ತಾಗುವುದಿಲ್ಲ" ಎಂದಳು.

ಆ ಕಡೆಯವರ ಮನೆಮಾತು ಈಸಾನ್, ಎಂದರೆ ಲಾವೋ ಭಾಷೆಯೇ. 1893ರಲ್ಲಿ ಫ್ರೆಂಚರೂ ಸಯಾಮಿನವರೂ ಒಪ್ಪಂದ ಮಾಡಿಕೊಂಡು ಮೇಕಾಂಗ್ ನದಿಯನ್ನು ಗಡಿ ಮಾಡಿದರು. ಜನ ಇದ್ದಲ್ಲಿಯೇ ಇದ್ದರು, ಗೆರೆ ಬಿತ್ತು. ಆಚೆ ದಡದಲ್ಲಿ ಆ ಭಾಷೆಗೆ ತನ್ನದೇ ಲಿಪಿ, ಶಾಲೆ, ಸರಕಾರ ಉಂಟು. ಈಚೆ ದಡದಲ್ಲಿ ಶಾಲೆಯೆಂದರೆ ಥಾಯ್. ಇವರಿಗೂ 'ತಾಯ್ ನೋಯ್' ಎಂಬ ಹಳೆಯ ಲಿಪಿ ಇತ್ತು, ಈಗ ದೇವಸ್ಥಾನಗಳ ತಾಳೆಗರಿಗಳಲ್ಲಿ ಉಳಿದಿದೆ. ಅಜ್ಜಿ ಈಸಾನ್‌ನಲ್ಲಿ ಕೇಳುತ್ತಾರೆ, ಮೊಮ್ಮಗಳು ಥಾಯ್‌ನಲ್ಲಿ ಉತ್ತರ ಕೊಡುತ್ತಾಳೆ. ಅಜ್ಜಿಯ 'ಬೊ' ಮೊಮ್ಮಗಳ ಬಾಯಲ್ಲಿ 'ಮಾಯ್' ಆಗುತ್ತದೆ. ಎರಡರ ಅರ್ಥವೂ 'ಇಲ್ಲ' ಎಂದೇ. ಅಪ್ಪನ ಹತ್ತಿರ ಇಂಗ್ಲಿಷ್.

1956ರ ನವೆಂಬರ್ ಒಂದರ ಕಥೆ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾವೂ ಎಲ್ಲಿಗೂ ವಲಸೆ ಹೋದವರಲ್ಲ.

ಊಟವಾದ ಮೇಲೆ ಯಜಮಾನರು ಒಂದು ನೋಟ್ ಪುಸ್ತಕ ತಂದರು. ಮಗಳದ್ದು. ಡಿಸೆಂಬರ್ 5 ಅಲ್ಲಿ ಅಪ್ಪಂದಿರ ದಿನ, ಶಾಲೆಯಲ್ಲಿ 'ನನ್ನ ಅಪ್ಪ' ಎಂದು ಬರೆಸಿದ್ದರಂತೆ. ಒಂದು ಪುಟ ತುಂಬ ಗುಂಡಗಿನ ಅಕ್ಷರ. "ಹೆಂಡತಿ ಓದಿ ಹೇಳಿದಳು. ಫೋನ್ ಹಿಡಿದರೆ ಫೋನೂ ಓದುತ್ತದೆ. ಆದರೆ ನನ್ನ ಬಗ್ಗೆ ನನ್ನ ಮಗಳು ಬರೆದದ್ದು, ನನಗೆ ಓದಲಿಕ್ಕೆ ಬರುವುದಿಲ್ಲ. ಹನ್ನೆರಡು ವರ್ಷ ಆಯಿತು. ನೀವು ಟೀಚರಲ್ಲವಾ, ಈ ಪ್ರಾಯದಲ್ಲಿ ಕಲಿಯಬಹುದಾ?" ಎಂದು ಕೇಳಿದರು.

ನನಗೆ ಥಾಯ್ ಬಾರದು. ಆದರೆ ಗೋಡೆಯಲ್ಲಿ ಅಕ್ಷರಮಾಲೆಯ ಚಾರ್ಟ್ ತೂಗಿತ್ತು. ಹುಡುಗಿಗೆ ಓದಿಸಿದೆ. "ಕೋ ಕೈ, ಖೋ ಖೈ..." ಕ-ಕೋಳಿ, ಖ-ಮೊಟ್ಟೆ. ಕೇಳುತ್ತಾ ಹೋದರೆ ನಮ್ಮದೇ ವರ್ಗೀಯ ವ್ಯಂಜನಗಳ ಸಾಲು! 44 ಅಕ್ಷರ, ಆದರೆ ಕ್ರಮ ಅದೇ. ಏತ್ವ ಅಕ್ಷರದ ಮುಂದೆ ಬರುತ್ತದೆ, ಮಲಯಾಳದಲ್ಲಿ ಇರುವ ಹಾಗೆ. ಮರುದಿನದಿಂದ ಆ ಜಗಲಿಯಲ್ಲಿ ಕ್ಲಾಸು ಸುರುವಾಯಿತು. ಖ್ರೂ ನಾನಲ್ಲ, ಆ ಹುಡುಗಿ. ಬೆಂಚಿನಲ್ಲಿ ಬಸ್ ಡ್ರೈವರರು, ನಾನು, ನನ್ನ ಸೋದರಳಿಯ. ಅವಳು ಒಂದು ಅಕ್ಷರ ಬರೆದರೆ ಪಕ್ಕದಲ್ಲಿ ನಾನು ಕನ್ನಡದ್ದು ಬರೆದೆ. ಶಾಲೆಯಲ್ಲಿ ಥಾಯ್ ಬರೆಯುತ್ತಿದ್ದ ಪೋರ ಹೀಗೆ 'ಕ' ಕಲಿತ.

ಇಪ್ಪತ್ತು ವರ್ಷ ಕನ್ನಡ ಕಲಿಸಿದವಳ ಸೋದರಳಿಯನಿಗೆ ಆವತ್ತಿನವರೆಗೆ ಕನ್ನಡದ ಒಂದು ಅಕ್ಷರ ಬರುತ್ತಿರಲಿಲ್ಲ. ತಮ್ಮನನ್ನು ಏನೂ ಅನ್ನಲಿಲ್ಲ. ಅನ್ನುವ ಬಾಯಿ ನನಗೆಲ್ಲಿ? ನನ್ನ ಮಗಳನ್ನು ಐದನೆಯ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂಗೆ ಹಾಕಿದವಳು ನಾನೇ. ಈಗ ಅವಳು ಕನ್ನಡ ಓದುತ್ತಾಳೆ, ತಡವರಿಸುತ್ತಾ. ಈ ಬರಹವನ್ನು ಅವಳು ಕೊನೆಯವರೆಗೆ ಓದುತ್ತಾಳೋ ಇಲ್ಲವೋ ಗೊತ್ತಿಲ್ಲ. ನಮ್ಮ ಶಾಲೆಗೆ ಮಕ್ಕಳು ಬರುವುದಿಲ್ಲ ಎಂದು ನಾವು ಮೀಟಿಂಗಿನಲ್ಲಿ ಸರಕಾರವನ್ನು ಬಯ್ಯುತ್ತೇವೆ. ಬಯ್ಯಬೇಕಾದದ್ದೇ, ಕನ್ನಡ ಬಾರದ ಟೀಚರನ್ನು ಕನ್ನಡ ಕ್ಲಾಸಿಗೆ ಕಳಿಸಿದ್ದು ನಾವು ಮಾಡಿದ ತಪ್ಪಲ್ಲ. ಆದರೆ ನಮ್ಮ ಜಗಲಿಯಲ್ಲಿ ಅಕ್ಷರದ ಚಾರ್ಟ್ ತೂಗಹಾಕಬೇಡಿ ಎಂದು ಯಾವ ಸರಕಾರವೂ ಹೇಳಿರಲಿಲ್ಲ.

ಹೊರಡುವ ಹಿಂದಿನ ಸಂಜೆ ಆ ಯಜಮಾನರು ನೋಟ್ ಪುಸ್ತಕ ಬಿಡಿಸಿ ಬೆರಳಿಟ್ಟು ಒಂದು ಶಬ್ದ ಓದಿದರು, "ಫೋ". ಅಪ್ಪ ಎಂದು ಅರ್ಥ. ಆ ಪುಟದಲ್ಲಿ ಆ ಶಬ್ದ ಏಳು ಕಡೆ ಇತ್ತು. ಏಳನ್ನೂ ಹುಡುಕಿ ಒಂದೊಂದಾಗಿ ಓದಿದರು. ಉಳಿದ ಶಬ್ದಗಳು ಇನ್ನೂ ಬಾಕಿ. ಅಂದು ಅವರು ನದಿದಂಡೆಯ ಮೇಜಿಗೆ ಹೋಗಲಿಲ್ಲ.

ಜೂನಿನಲ್ಲಿ ಶಾಲೆ ತೆರೆಯುವಾಗ ಅಜ್ಜಿ ಕಟ್ಟಿದ ನೂಲು ನನ್ನ ಕೈಯಲ್ಲಿಯೇ ಇತ್ತು, ಬಣ್ಣ ಮಾಸಿತ್ತು. ಒಂದನೆಯ ಕ್ಲಾಸಿನ ಮಕ್ಕಳು ಎಂತ ಅದು ಎಂದು ಕೇಳಿದರು, ಹೇಳಿದೆ. ಭಾನುವಾರ ಸಂಜೆ ಈಗ ತಮ್ಮನ ಮಗನಿಗೆ ಫೋನಿನಲ್ಲಿ ಕ್ಲಾಸು. ಗುಣಿತಾಕ್ಷರ ನಡೆಯುತ್ತಿದೆ. ಒಂದೆರಡು ವಾರದಿಂದ ನನ್ನ ಮಗಳೂ ಹಿಂದಿನಿಂದ ಬಂದು ಇಣುಕುತ್ತಾಳೆ. ನಾನು ಏನೂ ಹೇಳುವುದಿಲ್ಲ. ಕುರ್ಚಿ ಮಾತ್ರ ಒಂದು ಹೆಚ್ಚು ಇಟ್ಟಿರುತ್ತೇನೆ.