ಗೇರುಗುಡ್ಡೆಯ ಮನೆಗಳಿಗೆ

ಮಂಗಳೂರಿನಿಂದ ಮೂಡಲಾಗಿ ಸುಮಾರು 50 ಕಿಲೋಮೀಟರು ಸಾಗಿದರೆ ಪುತ್ತೂರು ಸಿಗುವುದು. ಮಹಾಲಿಂಗೇಶ್ವರನ ಸನ್ನಿಧಿಯಿಂದಲೂ, ಕೋಟ ಶಿವರಾಮ ಕಾರಂತರು ಬಹುಕಾಲ ವಾಸಮಾಡಿದ ಬಾಲವನದಿಂದಲೂ ಹೆಸರಾದ ಈ ಊರನ್ನು ವಾಚಕರಲ್ಲಿ ಅನೇಕರು ಬಲ್ಲರು. ಇಲ್ಲಿಂದ ಕಡಬಕ್ಕೂ ಸುಳ್ಯಕ್ಕೂ ಹೋಗುವ ಹಾದಿಗಳು ಕಣ್ಣಿಗೆ ತಂಪಾದವು. ತಗ್ಗಿನಲ್ಲಿ ಕಂಗಿನ ತೋಟ, ಏರಿನಲ್ಲಿ ರಬ್ಬರು, ಅದಕ್ಕೂ ಮೇಲೆ ಮುರಕಲ್ಲಿನ ಗುಡ್ಡೆಗಳಲ್ಲಿ ಗೇರು. ಆದರೆ ನಾವು ದಂಪತಿಗಳು ಕಳೆದ ಬೇಸಗೆಯಲ್ಲಿ ಈ ಹಾದಿಯನ್ನು ಹಿಡಿದುದು ನೋಟಕ್ಕಾಗಿ ಅಲ್ಲ. ಹಿರಿಯರ ಸ್ಮರಣಾರ್ಥವಾಗಿ ಮನೆಯಲ್ಲಿ ಒಂದಿಷ್ಟು ಹಣವನ್ನು ತೆಗೆದಿರಿಸಿದ್ದೆವು. ಎಂಡೋಸಲ್ಫಾನಿನಿಂದ ಬಾಧಿತರಾದ ಮಕ್ಕಳ ಮನೆಗಳಿಗೆ ಅದನ್ನು ಮುಟ್ಟಿಸಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು.

ಈ ಸಂಕಟದ ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಗೇರುಮರದ ಚಿಗುರು ಹೂಗಳ ರಸವನ್ನು ಹೀರಿ ಬಾಡಿಸುವ ಟೀ ಸೊಳ್ಳೆಯೆಂಬ ಕೀಟವುಂಟು. ಅದನ್ನು ಕೊಲ್ಲುವುದಕ್ಕಾಗಿ ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೆ 1980ರ ದಶಕದಿಂದ ಮೊದಲ್ಗೊಂಡು 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಯಿತು. ಗೇರು ಇರುವುದು ಗುಡ್ಡೆಯ ನೆತ್ತಿಯಲ್ಲಿ. ಜನರ ಮನೆ, ಬಾವಿ, ತೋಡುಗಳು ಅದರ ಬುಡದಲ್ಲಿ. ಗಡಿಯಾಚೆ ಕಾಸರಗೋಡಿನ ಎಣ್ಮಕಜೆಯಲ್ಲಿಯೂ ಇದೇ ನಡೆಯಿತು. ಅಲ್ಲಿ ಪತ್ರಕರ್ತರಾದ ಶ್ರೀ ಪಡ್ರೆಯವರೂ ವೈದ್ಯರಾದ ವೈ. ಎಸ್. ಮೋಹನಕುಮಾರರೂ ಊರಿನ ರೋಗಗಳನ್ನು ಕಂಡು ಮೊದಲಾಗಿ ದನಿಯೆತ್ತಿದರು. 2011ನೆಯ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಈ ವಿಷವನ್ನು ದೇಶದಾದ್ಯಂತ ತಡೆಹಿಡಿಯಿತು. ವಿಷ ನಿಂತಿತು, ಅದರ ಪರಿಣಾಮ ನಿಲ್ಲಲಿಲ್ಲ.

ನೇತ್ರಾವತಿ ಕುಮಾರಧಾರೆಗಳು ಕೂಡುವ ಉಪ್ಪಿನಂಗಡಿಯನ್ನು ದಾಟಿ ಕಡಬದ ಹಾದಿಯಲ್ಲಿ ಕೊಯಿಲ ಎಂಬ ಗ್ರಾಮವಿದೆ. ಬಾಧಿತರನ್ನು ಹಗಲು ಹೊತ್ತಿನಲ್ಲಿ ಪಾಲಿಸುವ ಕೇಂದ್ರವನ್ನು ಇಲ್ಲಿಯೂ, ಬೆಳ್ತಂಗಡಿಯ ಕೊಕ್ಕಡದಲ್ಲಿಯೂ ತೆರೆಯಲಾಯಿತು. ಅಂಥ ಕೇಂದ್ರದಿಂದ ಆಗುವ ಉಪಕಾರ ಒಬ್ಬರಿಗಲ್ಲ, ಇಬ್ಬರಿಗೆ: ಒಳಗೆ ಮಗುವಿಗೆ ಆರೈಕೆ, ಮನೆಯಲ್ಲಿ ತಾಯಿಗೆ ನಾಲ್ಕು ಗಂಟೆಯ ಬಿಡುವು. ಆದರೆ ಹಾಸಿಗೆಯಿಂದ ಏಳಲಾರದವರು ಕೇಂದ್ರಕ್ಕೆ ಹೋಗುವುದು ಹೇಗೆ? ನಮಗೆ ಪರಿಚಿತಳಾದ ಒಬ್ಬ ಆಶಾ ಕಾರ್ಯಕರ್ತೆ ಅಂಥ ಮನೆಯೊಂದಕ್ಕೆ ನಮ್ಮನ್ನು ಕರೆದೊಯ್ದಳು.

ಕಡಬವನ್ನು ಬಿಟ್ಟು ಪಂಜ, ಬೆಳ್ಳಾರೆಗಳ ಮೇಲಾಗಿ ಸುಳ್ಯಕ್ಕೆ ಹೋಗುವ ದಾರಿಯಿಂದ ಒಳಗೆ ಸರಿದು, ಮಣ್ಣಿನಲ್ಲಿ ಕಡಿದ ಮೆಟ್ಟಲುಗಳನ್ನು ಏರಿ ಆ ಮನೆಯನ್ನು ತಲಪಿದೆವು. ನಮ್ಮ ಚೀಲದಲ್ಲಿ ಸೇಬುಹಣ್ಣು, ಬಿಸ್ಕತ್ತು, ಹೊಸ ಅಂಗಿಗಳಿದ್ದವು. ಜಗಲಿಯ ತುದಿಯಲ್ಲಿ ಯಾರೋ ಕೊಟ್ಟ ಗಾಲಿಕುರ್ಚಿಯಿತ್ತು; ಅದರ ಮೇಲೆ ಒಣಸೌದೆಯನ್ನು ಪೇರಿಸಿದ್ದರು. ಆ ಮೆಟ್ಟಲುಗಳಲ್ಲಿ ಗಾಲಿ ಉರುಳುವಂತಿರಲಿಲ್ಲ. ಒಳಗಿನ ಕೋಣೆಯಲ್ಲಿ ಮಲಗಿದ್ದವನನ್ನು ಕಂಡು ನಾವು ಒಂದು ಕ್ಷಣ ಬಾಗಿಲಲ್ಲಿಯೇ ನಿಂತೆವು. ಮಗುವೆಂದು ಎಣಿಸಿ ಬಂದಿದ್ದೆವು. ಅಲ್ಲಿದ್ದವನು ಗಡ್ಡ ಮೀಸೆ ಬಂದ ತರುಣ. ಎಷ್ಟೋ ವರ್ಷಗಳ ಹಿಂದೆ ಪತ್ರಿಕೆಯ ಚಿತ್ರಗಳಲ್ಲಿ ಕಂಡ ಮಕ್ಕಳು ನಮ್ಮ ಮನಸ್ಸಿನಲ್ಲಿ ಬೆಳೆದೇ ಇರಲಿಲ್ಲ. ನಾವು ಕೊಂಡೊಯ್ದ ಅಂಗಿಗಳು ಹತ್ತು ವರ್ಷದ ಹುಡುಗನ ಅಳತೆಯವು.

ತಾಯಿ ಬೀಡಿ ಕಟ್ಟುವ ಮೊರವನ್ನು ಬದಿಗಿರಿಸಿ ನಮಗೆ ಚಾಪೆ ಹಾಸಿದಳು. ಹಣ್ಣುಗಳನ್ನು ಕಂಡು ನಮ್ಮ ಮನೆಯವರೊಡನೆ ಮೆಲ್ಲನೆ ಹೇಳಿದಳು: "ಅಕ್ಕಾ, ನೀವು ಇಷ್ಟು ದೂರ ಬಂದದ್ದೇ ಸಂತೋಷ. ಆದರೆ ಇವನಿಗೆ ಅಗಿಯಲಿಕ್ಕೆ ಬರುವುದಿಲ್ಲ. ಗಂಜಿ ತೆಳ್ಳಗೆ ಮಾಡಿ ಕುಡಿಸುವುದು."

"ಹಾಗಾದರೆ ಏನು ಬೇಕು ಹೇಳಮ್ಮ" ಎಂದು ಕೇಳಿದೆವು. ಹೊರಡುವ ಮೊದಲೇ ಕೇಳಬೇಕಾಗಿದ್ದ ಮಾತು ಅದು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮಾಸಾಶನ ಬರುತ್ತದೆ ಅಕ್ಕಾ, ಅದರಲ್ಲಿ ಮದ್ದು ಆಗುತ್ತದೆ. ನನಗೆ ವಾರಕ್ಕೆ ಒಂದು ಮಧ್ಯಾಹ್ನ ಇವನ ಹತ್ತಿರ ಯಾರಾದರೂ ಕೂತುಕೊಂಡರೆ ಸಾಕಿತ್ತು. ಅಣ್ಣನ ಮಗಳ ಮದುವೆಗೂ ನಾನು ಹೋಗಿಲ್ಲ." ಮತ್ತೆ ಮಗನ ಹಣೆಯನ್ನು ಒರಸುತ್ತ, "ನನಗೂ ಈಗ ಕೈಯಲ್ಲಿ ಬಲವಿಲ್ಲ. ಇವನನ್ನು ಎತ್ತಿ ಮಗ್ಗುಲು ಹೊರಳಿಸುವಾಗ ಸೊಂಟ ಹಿಡಿಯುತ್ತದೆ. ನಾನು ಹೋದ ಮೇಲೆ ಇವನನ್ನು ಯಾರು ಹೊರಳಿಸುವುದು?" ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಸಂಜೆ ಸುಳ್ಯದಲ್ಲಿ ಪಯಸ್ವಿನಿಯ ದಡದಲ್ಲಿ ಕುಳಿತೆವು. ಈ ಹೊಳೆ ಮುಂದೆ ಕಾಸರಗೋಡಿನ ಸೀಮೆಗೆ ಹರಿದು ಚಂದ್ರಗಿರಿಯೆನಿಸಿ ಕಡಲನ್ನು ಸೇರುತ್ತದೆ. ಹೊಳೆಗೆ ಗಡಿಯಿಲ್ಲ, ವಿಷಕ್ಕೂ ಇರಲಿಲ್ಲ. ಪರಿಹಾರಕ್ಕೆ ಮಾತ್ರ ಗಡಿಯುಂಟು. 2017ನೆಯ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಆಜ್ಞಾಪಿಸಿದುದು ಕೇರಳ ಸರಕಾರಕ್ಕೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವಾದರೋ ಇಡೀ ದೇಶಕ್ಕೆ ಸೇರಿದುದು; ಅದು 21 ಬಗೆಯ ವೈಕಲ್ಯಗಳನ್ನು ಹೆಸರಿಸಿ, ಆರೈಕೆಯನ್ನು ಕರುಣೆಯೆಂದಲ್ಲ, ಹಕ್ಕೆಂದು ಎಣಿಸಿದೆ. ಆದುದರಿಂದ ನಮ್ಮ ನಿಮ್ಮ ದಾನವು ಸರಕಾರದ ಹೊಣೆಗೆ ಬದಲಾಗಲಾರದು, ಆಗಲೂ ಕೂಡದು. ಆದರೆ ಕಾಯಿದೆಯು ಒಂದು ಮಧ್ಯಾಹ್ನ ಬಂದು ಹಾಸಿಗೆಯ ಬಳಿ ಕುಳಿತುಕೊಳ್ಳಲಾರದು. ಅಷ್ಟು ಎಡೆ ನೆರೆಹೊರೆಗೂ ಗೃಹಸ್ಥನಿಗೂ ಉಳಿದಿದೆ.

ಮರುದಿನ ಆ ಮನೆಗೆ ಹಿಂದಿರುಗಿದೆವು. ಕೆಳಗಿನ ಮನೆಯ ಹೆಂಗಸೊಬ್ಬಳು ವಾರಕ್ಕೆ ಎರಡು ಮಧ್ಯಾಹ್ನ ಬಂದು ಕೂರಲು ಒಪ್ಪಿದಳು. ಅವಳ ಕೂಲಿಯನ್ನೂ, ಹುಡುಗನಿಗೆ ಬೇಕಾಗುವ ಡೈಪರುಗಳ ಹಣವನ್ನೂ ಒಂದೇ ಸಲ ಕೊಟ್ಟು ಕೈತೊಳೆದುಕೊಳ್ಳದೆ ತಿಂಗಳು ತಿಂಗಳು ಕಳುಹಿಸುವುದೆಂದು ನಿಶ್ಚಯಿಸಿದೆವು. ನಮ್ಮ ಸೀಮೆಯ ಮನೆಗಳಲ್ಲಿ ದೇವರಿಗೆ ಮುಡಿಪು ಕಟ್ಟಿಡುವ ವಾಡಿಕೆಯಿದೆಯಷ್ಟೆ; ಇದನ್ನೂ ಹಾಗೆಯೇ ಮನೆವಾರ್ತೆಯ ಲೆಕ್ಕದಲ್ಲಿ ಅಕ್ಕಿ ಬೇಳೆಗಳ ಸಾಲಿಗೆ ಬರೆದುಕೊಂಡೆವು. ಸೇಬುಹಣ್ಣುಗಳನ್ನು ನೆರೆಮನೆಯ ಮಕ್ಕಳು ತಿಂದರು. ಅಂಗಿಗಳೂ ಅವರಿಗೇ ಆದವು.

ಮೂರು ವಾರಗಳ ತರುವಾಯ ಆಶಾ ಕಾರ್ಯಕರ್ತೆ ಫೋನು ಮಾಡಿದಳು. ಮೊದಲನೆಯ ಮಧ್ಯಾಹ್ನ ಆ ತಾಯಿ ಅಂಗಳವನ್ನು ದಾಟಿ ಕೆಳಗಿಳಿದು, ಮತ್ತೆ ಹಿಂದೆ ಬಂದು ಮಗನನ್ನು ನೋಡಿ, ಏನೂ ತೋಚದೆ ಮನೆಯಲ್ಲಿಯೇ ಕುಳಿತಳಂತೆ. ಎರಡನೆಯ ವಾರ ಬೆಳ್ಳಾರೆಗೆ ಹೋಗಿ ತನ್ನ ಕಣ್ಣುಗಳನ್ನು ತೋರಿಸಿಕೊಂಡು ಬಂದಳಂತೆ. ಮೂರನೆಯ ವಾರ ಅಣ್ಣನ ಮನೆಗೆ ಹೋಗಿ ಊಟಮಾಡಿ ಬಂದಳಂತೆ.

ಅವಳು ಕೇಳಿದ ಕಡೆಯ ಪ್ರಶ್ನೆಗೆ ಈಗಲೂ ನಮ್ಮಲ್ಲಿ ಉತ್ತರವಿಲ್ಲ. ಆದರೆ ಈ ಪ್ರಶ್ನೆಯನ್ನು ಅವಳೊಬ್ಬಳೇ ಹೊರದಂತೆ ಮಾಡಬಹುದು. ಆ ಸೀಮೆಯ ಹಾದಿಯಲ್ಲಿ ಹೋಗುವ ವಾಚಕರು ಚೀಲವನ್ನು ತುಂಬುವುದಕ್ಕೆ ಮೊದಲು ಒಂದು ಮಾತು ಕೇಳಿಕೊಂಡು ಹೋಗಲಿ ಎಂದಷ್ಟೇ ನಮ್ಮ ಬಿನ್ನಹ.